ಕೆಸುವಿನೆಲೆಯೂ ಅಡಿಕೆ ಗೊನೆಯೂ

ನೀರನ್ನು ಒಲ್ಲದ ಮೇಲ್ಮೈಯ ಮೇಲೆ ಬಿದ್ದ ಹನಿ ಹರಡುವುದಿಲ್ಲ. ಗುಂಡಾಗಿ ನಿಂತು, ಮೇಲ್ಮೈ ತುಸು ವಾಲಿದರೂ ಉರುಳಿಹೋಗುತ್ತದೆ. ಕಾಸರಗೋಡಿನ ತೋಟಗಳಲ್ಲಿ ತೋಡಿನ ಬದಿಗೆ ಬೆಳೆಯುವ ಕೆಸುವಿನೆಲೆ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ.

ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಈ ಸೆಳೆತದಿಂದ ಹುಟ್ಟುವ ಮೇಲ್ಮೈ ಎಳೆತ ಹನಿಯನ್ನು ಆದಷ್ಟು ಕಿರಿದಾದ ಹೊರಮೈಗೆ, ಎಂದರೆ ಗೋಳದ ಆಕಾರಕ್ಕೆ, ತರಲು ನೋಡುತ್ತದೆ. ಹನಿ ಕುಳಿತಿರುವ ಮೇಲ್ಮೈ ನೀರನ್ನು ಹೆಚ್ಚು ಸೆಳೆದರೆ ಹನಿ ಹರಡುತ್ತದೆ, ಕಡಿಮೆ ಸೆಳೆದರೆ ಗುಂಡಾಗುತ್ತದೆ. ಹನಿಯ ಅಂಚು ಮೇಲ್ಮೈಯೊಡನೆ ಮಾಡುವ ಸ್ಪರ್ಶಕೋನವೇ ಇದರ ಅಳತೆ. ಈ ಕೋನ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಥಾಮಸ್ ಯಂಗ್ 1805ರಲ್ಲಿ ವಿವರಿಸಿದರು. ಕೋನ 90 ಡಿಗ್ರಿ ಮೀರಿದರೆ ಮೇಲ್ಮೈ ನೀರನ್ನು ದೂರವಿಡುತ್ತದೆ. 150 ಮೀರಿದರೆ ಹನಿ ಹೆಚ್ಚುಕಡಿಮೆ ಪೂರ್ಣ ಗೋಳ.

ನುಣುಪಾದ ಮೇಣದ ಮೇಲೆ ಈ ಕೋನ ಸುಮಾರು 110 ಡಿಗ್ರಿಯಷ್ಟೇ. ಕೆಸುವಿನೆಲೆ ಅದನ್ನು ದಾಟುವುದು ತನ್ನ ಒರಟುತನದಿಂದ. ಅದರ ಹೊರಪದರದಲ್ಲಿ ಕಣ್ಣಿಗೆ ಕಾಣದ ಗುಬುಟುಗಳಿವೆ, ಗುಬುಟುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳಿವೆ. ಹನಿ ಇವುಗಳ ತುದಿಯನ್ನು ಮಾತ್ರ ಮುಟ್ಟುತ್ತದೆ. ಉಳಿದೆಡೆ ಅದರ ಅಡಿಯಲ್ಲಿರುವುದು ಗಾಳಿ. ಹೀಗೆ ಸಿಕ್ಕಿಕೊಂಡ ಗಾಳಿಯ ಪಾತ್ರವನ್ನು ವಿಜ್ಞಾನಿಗಳಾದ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ 1944ರಲ್ಲಿ ಲೆಕ್ಕಕ್ಕೆ ತಂದರು. ಉರುಳುವ ಹನಿ ಎಲೆಯ ಮೇಲಿನ ದೂಳನ್ನೂ ಶಿಲೀಂಧ್ರದ ಬೀಜಕಣಗಳನ್ನೂ ಹೊತ್ತೊಯ್ಯುತ್ತದೆ. ತಾವರೆಯೂ ಸೇರಿದಂತೆ ಇಂಥ ಎಲೆಗಳು ತಮ್ಮನ್ನು ತಾವೇ ತೊಳೆದುಕೊಳ್ಳುವ ಬಗೆಯನ್ನು ಜರ್ಮನಿಯ ಬಾರ್ತ್‌ಲಾಟ್ ಮತ್ತು ನೈನ್‌ಹೂಯಿಸ್ 1997ರಲ್ಲಿ ತೋರಿಸಿಕೊಟ್ಟರು. ಆದರೆ ಈ ಕವಚ ಬಹಳ ನಾಜೂಕು. ಬೆರಳಿನಿಂದ ಉಜ್ಜಿ ಮೇಣ ಅಳಿಸಿದ ಜಾಗದಲ್ಲಿ ಹನಿ ಉರುಳದೆ ಅಂಟಿಕೊಳ್ಳುತ್ತದೆ.

ಗಿಡಕ್ಕೆ ವರವಾದ ಈ ಗುಣ ಅಡಿಕೆ ಕೃಷಿಕನಿಗೆ ತೊಡಕಾಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡು ಜಿಲ್ಲೆಯಲ್ಲಿ ಕೊಳೆರೋಗ, ಅಂದರೆ ಮಹಾಳಿ, ಎಳೆಯ ಅಡಿಕೆಯನ್ನು ಕೊಳೆಸಿ ಉದುರಿಸುತ್ತದೆ. ಇದಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಮಳೆಹನಿಯ ಸಿಡಿತದಿಂದ ಹರಡುತ್ತದೆ. ಅದರ ಕಣಗಳು ಕಾಯಿಯ ಮೇಲೆ ನಿಂತ ನೀರಿನಲ್ಲಿ ಈಜುತ್ತವೆ. ನೀರು ತಂಗುವ ತೊಟ್ಟಿನ ಬಳಿಯಲ್ಲೇ ರೋಗದ ಮೊದಲ ಕಲೆ ಕಾಣಿಸುತ್ತದೆ. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಭ್ಯಸಿಸಿದ ಲೆಸ್ಲಿ ಕೋಲ್ಮನ್ 1910ರಲ್ಲಿ ಅದರ ವಿವರ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದ ಬೋರ್ಡೋ ದ್ರಾವಣ ಅಡಿಕೆಯ ಮದ್ದಾಯಿತು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ.

ಮರ ಹತ್ತಿಯೋ ಫೈಬರ್ ದೋಟಿಯಿಂದಲೋ ಮದ್ದು ಬಿಡುವಾಗ, ಮೇಣ ಹೊದ್ದ ನುಣುಪು ಕಾಯಿಯ ಮೇಲೆ ಹನಿ ಹರಡದೆ ಜಾರಬಹುದು. ಅದಕ್ಕೆಂದೇ ರಾಳವನ್ನು ಸೋಡಾದೊಡನೆ ಕುದಿಸಿ ದ್ರಾವಣಕ್ಕೆ ಸೇರಿಸುತ್ತಾರೆ. ಹೀಗೆ ಕುದಿಸಿದಾಗ ಆಗುವುದು ಒಂದು ಬಗೆಯ ಸಾಬೂನು. ಅದು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ ಸ್ಪರ್ಶಕೋನ ಇಳಿದು ಮದ್ದು ತೆಳುವಾಗಿ ಹರಡುತ್ತದೆ. ಸುಣ್ಣದೊಡನೆ ಕೂಡಿದ ರಾಳ ನೀರಿನಲ್ಲಿ ಕರಗದ ರೂಪ ತಾಳಿ, ಒಣಗಿದ ಮೇಲೆ ಮೈಲುತುತ್ತಿನ ತಾಮ್ರವನ್ನು ಕಾಯಿಗೆ ಅಂಟಿಸಿ ಹಿಡಿಯುತ್ತದೆ. ಮದ್ದಿನ ಹನಿ ನಿಲ್ಲಬೇಕು, ಒಣಗಿದ ಲೇಪ ಮಳೆಗೆ ಕದಲಬಾರದು ಎಂಬ ಎರಡು ಬೇಡಿಕೆಗಳನ್ನೂ ಒಂದು ಹಿಡಿ ರಾಳ ಪೂರೈಸುವುದು ರಸಾಯನಶಾಸ್ತ್ರದ ದೊಡ್ಡ ಉಪಕಾರ.

ಲೇಪ ಹಿಡಿಯಬೇಕಾದರೆ ಕಾಯಿಯ ಮೇಲಿನ ನೀರು ಆರಿರಬೇಕು, ಮದ್ದು ಒಣಗುವಷ್ಟು ಹೊತ್ತು ಮಳೆ ಬಿಟ್ಟಿರಬೇಕು. ಆದ್ದರಿಂದ ಮೊದಲ ಮದ್ದು ಮುಂಗಾರು ಹಿಡಿಯುವ ಮೊದಲೇ ಆಗಬೇಕು. ಕಾಯಿ ಬೆಳೆದಂತೆ ಲೇಪವಿಲ್ಲದ ಹೊಸ ಸಿಪ್ಪೆ ತೆರೆದುಕೊಳ್ಳುತ್ತದೆ, ಹಳೆಯ ಲೇಪವೂ ಮಳೆಗೆ ಸವೆಯುತ್ತದೆ. ಹಾಗಾಗಿ 40–45 ದಿನಗಳ ಬಳಿಕ ಎರಡನೆಯ ಸಲ, ಮಳೆ ಮುಂದುವರಿದರೆ ಮತ್ತೊಮ್ಮೆ, ಮದ್ದು ಬಿಡಬೇಕಾಗುತ್ತದೆ.