ಯಾರು, ಎಲ್ಲಿಂದ, ಏನು ವಿಷಯ?

ಒಂದು ಬೆಳಿಗ್ಗೆ ನಾನಿನ್ನೂ ಊಟದ ಡಬ್ಬಿ ಮೇಜಿನ ಮೇಲೆ ಇಟ್ಟಿರಲಿಲ್ಲ, ಫೋನು ಹೊಡೆದುಕೊಂಡಿತು. ಆ ಕಡೆ ಗಂಡುದನಿ, ಅದೂ ಪಿಸುಮಾತಿನಲ್ಲಿ.

"ಮೇಡಂ, ಸಾಹೇಬ್ರಿಗೆ ಅರ್ಜೆಂಟಾಗಿ ಯೋಳ್ಬುಡಿ. ಗಣೇಶ ಬಂದವ್ನೆ."

"ಯಾವ ಗಣೇಶ? ಸ್ಟೋರ್ಸ್ ಗಣೇಶನಾ?"

"ಅಲ್ಲ ಮೇಡಂ. ಗಣೇಶ."

"ಎಲ್ಲಿಂದ ಬಂದಿದಾರೆ? ಅಪಾಯಿಂಟ್‌ಮೆಂಟ್ ಇದೆಯಾ?"

ಒಂದು ಗಳಿಗೆ ಸದ್ದಿಲ್ಲ. ಆಮೇಲೆ ತಾಳ್ಮೆಯಿಂದ ಉತ್ತರ ಬಂತು. "ಕಾಡಿಂದ ಬಂದವ್ನೆ ಮೇಡಂ. ನಿಮ್ ಹಿಂದ್ಗಡೆ ಕಾಂಪೌಂಡ್ ತಾವ ನಿಂತವ್ನೆ."

ಮಾತಾಡಿದವನು ಪಕ್ಕದ ಫ್ಯಾಕ್ಟರಿಯ ಸೆಕ್ಯುರಿಟಿ. ಬಂದಿದ್ದವನು ಬನ್ನೇರುಘಟ್ಟ ಕಾಡಿನ ಕಡೆಯಿಂದ ರಾಗಿ ಹೊಲ ಹುಡುಕಿಕೊಂಡು ದಾರಿ ತಪ್ಪಿದ ಆನೆ. ಕಣ್ಣೆದುರು ನಿಂತಿರುವಾಗ ಆತನನ್ನು ಆನೆ ಎಂದು ಕರೆಯಲು ಆ ಹುಡುಗನಿಗೆ ಬಾಯಿ ಬರಲಿಲ್ಲ. ಆನೆಗೆ ಅಪಾಯಿಂಟ್‌ಮೆಂಟ್ ಕೇಳಿದ ಹೆಂಗಸು ಎಂದು ಕ್ಯಾಂಟೀನಿನಲ್ಲಿ ಇವತ್ತಿಗೂ ನನಗೆ ಹೆಸರಿದೆ.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಪ್ರೆಸ್ ಶಾಪಿನಲ್ಲಿ ನನ್ನದು ಹದಿನಾಲ್ಕು ವರ್ಷದ ನೌಕರಿ. ಸಂಬಳದ ಚೀಟಿಯಲ್ಲಿ ಆಫೀಸ್ ಅಸಿಸ್ಟೆಂಟ್ ಎಂದಿದೆ. ಪತ್ರ ಟೈಪು ಮಾಡುತ್ತೇನೆ, ಹಾಜರಿ ನೋಡುತ್ತೇನೆ, ಬಿಲ್ಲು ಫೈಲು ಮಾಡುತ್ತೇನೆ. ಇವೆಲ್ಲ ಹೊಟ್ಟೆಪಾಡು. ನಾನು ಪ್ರೀತಿಯಿಂದ ಮಾಡುವ ಕೆಲಸ ಒಂದೇ, ಸಾಹೇಬರಿಗೆ ಬರುವ ಫೋನುಗಳನ್ನು ಸೋಸುವುದು. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಾಗಿಲಲ್ಲೇ ಕೂರಿಸಬೇಕು, ಯಾವುದಕ್ಕೆ ಕೈಮುಗಿದು ಕಳಿಸಬೇಕು ಎಂದು ಅರೆ ನಿಮಿಷದಲ್ಲಿ ತೀರ್ಮಾನಿಸುವುದು. ಇದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ನನಗೆ ಕಲಿಸಿದ್ದು ರೇಷ್ಮೆಗೂಡು.

ನಮ್ಮಪ್ಪ ಕನಕಪುರದ ಕಡೆ ಹುಳ ಸಾಕುತ್ತಿದ್ದರು. ಗೂಡು ಬಿಡಿಸಿದ ಮೇಲೆ ರಾಮನಗರದ ಮಾರುಕಟ್ಟೆಗೆ ನಾನೂ ಜೊತೆಗೆ ಹೋಗುತ್ತಿದ್ದೆ. ಅಲ್ಲಿ ರೀಲರುಗಳು ನಮ್ಮ ಗೂಡಿನ ರಾಶಿಗೆ ಕೈ ಹಾಕಿ, ನಾಲ್ಕಾರು ಗೂಡು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಹುಳ ಸರಿಯಾಗಿದ್ದರೆ ಟಕಟಕ ಅನ್ನುತ್ತದೆ. ಸತ್ತು ಕರಗಿ ಒಳಗೋಡೆಗೆ ಅಂಟಿಕೊಂಡಿದ್ದರೆ ಸದ್ದೇ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಗೂಡು ಒಂದೇ ಥರ. "ಕಣ್ಣು ಮೋಸ ಹೋಗ್ತದೆ, ಕಿವಿ ಹೋಗಲ್ಲ" ಎಂದು ಅಪ್ಪ ಬಸ್ಸಿನಲ್ಲಿ ಹೇಳಿದ್ದು ನೆನಪಿದೆ. ಆ ಸಲ ನಮ್ಮ ಗೂಡಿಗೆ ಒಳ್ಳೇ ರೇಟು ಸಿಕ್ಕಿರಲಿಲ್ಲ, ಅದಕ್ಕೇ ನೆನಪಿದೆ.

ನನ್ನ ಸಾಮಾನು ಸರಂಜಾಮು ಬಹಳವಿಲ್ಲ. ಒಂದು ಇಪಿಎಬಿಎಕ್ಸ್ ಪೆಟ್ಟಿಗೆ. ಹೋಲ್ಡ್ ಒತ್ತಿದರೆ ಅದು ಬೀಥೋವನ್‌ನ 'ಫರ್ ಎಲೀಸ್' ಅನ್ನು ಕೊಂಯ್‌ಗುಡುತ್ತದೆ. ಒಂದು ಉದ್ದನೆಯ ರಿಜಿಸ್ಟರು, ಅದರಲ್ಲಿ ಸ್ಕೇಲಿಟ್ಟು ಗೆರೆ ಎಳೆದ ನಾಲ್ಕು ಕಾಲಂ: ಸಮಯ, ಯಾರು, ಎಲ್ಲಿಂದ, ವಿಷಯ. ಮತ್ತೊಂದು ಗಾಜಿನ ಕಿಟಕಿ. ಅದರಾಚೆ ಸಾಹೇಬರು ಪ್ರೆಸ್ಸುಗಳ ನಡುವೆ ಓಡಾಡುತ್ತಿರುವುದು ಕಾಣುತ್ತದೆ. ನಾನು ರಿಸೀವರ್ ಎತ್ತಿ ತೋರಿಸಿದರೆ ಅವರು ತಲೆ ಆಡಿಸುತ್ತಾರೆ. ನಮ್ಮವರು ತಲೆ ಆಡಿಸಿದ್ದು ಹೌದಕ್ಕೋ ಬೇಡಕ್ಕೋ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

"ಸಾಹೇಬ್ರು ಇಲ್ಲ" ಎಂದು ನಾನು ಯಾವತ್ತೂ ಸುಳ್ಳು ಹೇಳುವುದಿಲ್ಲ. "ಸೀಟಿನಲ್ಲಿಲ್ಲ" ಅನ್ನುತ್ತೇನೆ. ಅವರು ಸೀಟಿನಲ್ಲಿ ಕೂತದ್ದನ್ನು ಕಂಡವರೇ ಕಡಿಮೆ, ಹಾಗಾಗಿ ನನ್ನ ಸತ್ಯಕ್ಕೆ ಭಂಗವಿಲ್ಲ.

ಪ್ರಶ್ನೆಗಳು ಮೂರೇ. ಯಾರು? ಎಲ್ಲಿಂದ? ಏನು ವಿಷಯ? ಪ್ರಶ್ನೆ ಯಾರು ಬೇಕಾದರೂ ಕೇಳಬಹುದು, ಕಸುಬು ಇರುವುದು ಕೇಳಿದ ಮೇಲೆ ಸುಮ್ಮನಿರುವುದರಲ್ಲಿ. "ಅವರ ಫ್ರೆಂಡು ಮಾತಾಡೋದು" ಅಂದವರಿಗೆ "ಓ" ಅಂದು ಸುಮ್ಮನಾಗಿ ನೋಡಿ. ನಿಜವಾದ ಫ್ರೆಂಡು "ಏನ್ರೀ, ಹೊಸಬರಾ?" ಎಂದು ರೇಗುತ್ತಾನೆ. ಸುಳ್ಳು ಫ್ರೆಂಡು ಆ ಮೌನವನ್ನು ತಡೆಯಲಾರ. ಯಾವ ಊರಲ್ಲಿ ಜೊತೆಗೆ ಓದಿದ್ದು, ಯಾವ ಮದುವೆಯಲ್ಲಿ ಸಿಕ್ಕಿದ್ದು ಎಂದು ತಾನಾಗಿಯೇ ಸಾಕ್ಷ್ಯ ಒದಗಿಸತೊಡಗುತ್ತಾನೆ. "ಡಿಪಾರ್ಟ್‌ಮೆಂಟಿಂದ" ಅಂದವರನ್ನು "ಯಾವ ಡಿಪಾರ್ಟ್‌ಮೆಂಟು ಸಾರ್?" ಅಂದರೆ ಅಸಲಿ ಅಧಿಕಾರಿ ಹೆಸರು, ಹುದ್ದೆ, ಫೈಲ್ ನಂಬರು ಒಂದೇ ಉಸಿರಿಗೆ ಹೇಳುತ್ತಾರೆ. ನಕಲಿಯವನು ದನಿ ಏರಿಸುತ್ತಾನೆ. "ಪರ್ಸನಲ್" ಅನ್ನುವವರಲ್ಲಿ ಹತ್ತಕ್ಕೆ ಎಂಟು ಮಂದಿ ಫೈರ್ ಎಕ್ಸ್‌ಟಿಂಗ್ವಿಷರ್ ರೀಫಿಲ್ ಮಾಡುವವರು.

ಮಾತಿಗಿಂತ ಮಾತಿನ ಹಿಂದಿನ ಸದ್ದು ಮುಖ್ಯ. ಸಾಲದವರ ಹಿಂದೆ ಇನ್ನೂ ಇಪ್ಪತ್ತು ಮಂದಿ ಅದೇ ಮಾತನ್ನು ಬೇರೆಯವರಿಗೆ ಹೇಳುತ್ತಿರುವ ಗುಂಯ್‌ಗಾಟ ಕೇಳಿಸುತ್ತದೆ. "ಹೆಡ್ಡಾಫೀಸಿಂದ" ಅನ್ನುವವನ ಹಿಂದೆ ಒಮ್ಮೆ ಹುಂಜ ಕೂಗಿತು. ಗಾಡಿ ಕೆಟ್ಟು ನಿಂತಿದೆ ಎಂಬ ಲಾರಿ ಡ್ರೈವರಿನ ಹಿಂದೆ ಹೆದ್ದಾರಿಯ ಹಾರನ್ನು ಇರಲೇಬೇಕು. ಇಲ್ಲದಿದ್ದರೆ ಅವನು ಇನ್ನೂ ಮನೆಯಲ್ಲೇ ಇದ್ದಾನೆ.

ಈಚೆಗೆ ಹುಳ ಕರಗಿದ ಗೂಡುಗಳು ಹೆಚ್ಚಾಗಿವೆ. ಬಿಲ್ಲು ಕಟ್ಟಿಲ್ಲ, ರಾತ್ರಿ ಒಂಬತ್ತೂವರೆಗೆ ಕರೆಂಟು ಕಟ್ಟಾಗುತ್ತದೆ, ಈ ನಂಬರಿಗೆ ಮಾತಾಡಿ ಅನ್ನುವವರು. ಪಾರ್ಸೆಲ್ಲಿನಲ್ಲಿ ಏನೋ ಸಿಕ್ಕಿದೆ, ನಿಮ್ಮ ಸಾಹೇಬರು ಡಿಜಿಟಲ್ ಅರೆಸ್ಟ್ ಅನ್ನುವವರು. ಕಾನೂನಿನಲ್ಲಿ ಅಂಥದ್ದೊಂದು ವ್ಯವಸ್ಥೆಯೇ ಇಲ್ಲ ಎಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಬೇಕಾಯಿತು. ಮಾರಾಟದ ಕರೆಗಳಿಗೆ 140, ಬ್ಯಾಂಕು ವಿಮೆಯವರ ಸೇವಾ ಕರೆಗಳಿಗೆ 1600 ಎಂದು ನಂಬರುಗಳ ಸಾಲನ್ನೇ ಬೇರೆ ಮಾಡಿದ್ದಾರೆ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಇವನ್ನೆಲ್ಲ ದೊಡ್ಡಕ್ಷರದಲ್ಲಿ ಬರೆದು ಅಕೌಂಟ್ಸಿನ ಹುಡುಗನ ಮೇಜಿಗೆ ಅಂಟಿಸಿದ್ದೇನೆ.

ಅಂಟಿಸಿದ್ದಕ್ಕೆ ಕಾರಣವಿದೆ. ಒಂದು ಮಧ್ಯಾಹ್ನ ಅವನಿಗೆ ಹೊಸ ನಂಬರಿನಿಂದ ವಾಟ್ಸಾಪ್ ಬಂತು. ಫೋಟೋ ಸಾಹೇಬರದೇ. ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡಿ, ದಯವಿಟ್ಟು ಈ ಖಾತೆಗೆ ಕೂಡಲೇ ಹಣ ಹಾಕಿ ಎಂದಿತ್ತು. ಹುಡುಗ ಬೆವರುತ್ತ ಬಂದು ತೋರಿಸಿದ. ನಾನು ಓದಿ ನಕ್ಕುಬಿಟ್ಟೆ. ಹದಿನಾಲ್ಕು ವರ್ಷದಲ್ಲಿ ನಮ್ಮ ಸಾಹೇಬರ ಬಾಯಲ್ಲಿ ದಯವಿಟ್ಟು ಎಂಬ ಮಾತು ಬಂದದ್ದಿಲ್ಲ. ಕಿಟಕಿಯಾಚೆ ನೋಡಿದರೆ, ಮೀಟಿಂಗ್‌ನಲ್ಲಿದ್ದ ಸಾಹೇಬರು ಪ್ರೆಸ್ಸಿನ ಅಡಿ ಮಲಗಿ ಡೈ ಬಿಗಿ ಮಾಡುತ್ತಿದ್ದರು, ಕಾಲು ಮಾತ್ರ ಕಾಣುತ್ತಿತ್ತು.

ನನ್ನ ಕಸುಬಿಗೂ ಒಂದು ವಂಶಾವಳಿ ಇದೆ. ಅಮೆರಿಕದ ಬಾಸ್ಟನ್ನಿನಲ್ಲಿ ಟೆಲಿಫೋನು ಶುರುವಾದ ಹೊಸದರಲ್ಲಿ ಸ್ವಿಚ್‌ಬೋರ್ಡಿಗೆ ಹುಡುಗರನ್ನು ಕೂರಿಸಿದ್ದರಂತೆ. ಅವರು ಗಿರಾಕಿಗಳಿಗೆ ಎದುರು ಮಾತಾಡಿ ಗೋಳು ಹೊಯ್ದುಕೊಂಡ ಮೇಲೆ 1878ರಲ್ಲಿ ಎಮ್ಮಾ ನಟ್ ಎಂಬ ಹೆಂಗಸು ಬಂದಳು. ಅವಳೇ ಜಗತ್ತಿನ ಮೊದಲ ಮಹಿಳಾ ಆಪರೇಟರ್. ಅವಳನ್ನು ನಮ್ಮ ಕುಲದ ಮೂಲಪುರುಷ, ಅಲ್ಲಲ್ಲ, ಮೂಲಸ್ತ್ರೀ ಎಂದುಕೊಂಡಿದ್ದೇನೆ.

ನಮ್ಮ ಕುಲಕ್ಕೊಬ್ಬ ಶತ್ರುವೂ ಇದ್ದ. ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ಧಂದೆ ಮಾಡುತ್ತಿದ್ದ ಆಲ್ಮನ್ ಸ್ಟ್ರೌಜರ್. ತನಗೆ ಬರುವ ಫೋನುಗಳನ್ನು ಆಪರೇಟರು ಬೇಕೆಂದೇ ಎದುರಾಳಿಗೆ ತಿರುಗಿಸುತ್ತಿದ್ದಾಳೆ, ತನ್ನ ಪಾಲಿನ ಹೆಣಗಳು ಅವನ ಪಾಲಾಗುತ್ತಿವೆ ಎಂದು ಅವನಿಗೆ ಗುಮಾನಿ ಹತ್ತಿತಂತೆ. ಆ ಸಿಟ್ಟಿಗೆ ಆಪರೇಟರೇ ಬೇಡದ ಯಂತ್ರ ಕಟ್ಟಿ 1891ರಲ್ಲಿ ಪೇಟೆಂಟು ಪಡೆದ. 1948ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಐಟಿಐ ಕಾರ್ಖಾನೆ ದೂರವಾಣಿನಗರದಲ್ಲಿ ಆ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು ತಯಾರಿಸಿತು. ಬಾಗಿಲು ಕಾಯುವವಳ ಮೇಲಿನ ಒಬ್ಬನ ಅನುಮಾನ ಇಷ್ಟು ದೂರ ನಡೆದು ಬಂತು.

ಸ್ಟ್ರೌಜರನನ್ನು ಬಹಳ ವರ್ಷ ಹೊಟ್ಟೆಕಿಚ್ಚಿನವನು ಎಂದೇ ಅಂದುಕೊಂಡಿದ್ದೆ. ಒಂದು ಪಿತೃಪಕ್ಷದಲ್ಲಿ ಆ ಅಭಿಪ್ರಾಯ ಬದಲಾಯಿತು.

ಮುದುಕರೊಬ್ಬರು ಫೋನು ಮಾಡಿದರು. ಸಾಹೇಬರು ಬೇಕಂತೆ. ನಾನು ಎಂದಿನಂತೆ ಶುರು ಮಾಡಿದೆ. ಯಾರು?

"ನಾನ್ಯಾರು ಅಂದ್ರೆ ಅವ್ರ್‌ಗೆ ಗೊತ್ತಾಗಕಿಲ್ಲ ಕಣವ್ವ."

ಎಲ್ಲಿಂದ ಮಾತಾಡ್ತಿದೀರ?

"ಇಲ್ಲಿಂದ್ಲೇ."

ಇಲ್ಲಿಂದ ಅಂದ್ರೆ ಎಲ್ಲಿಂದ?

"ಇಲ್ಲಿಂದ್ಲೇ ಕಣವ್ವ."

ಏನು ವಿಷಯ?

"ಅದ ಫೋನಲ್ಲಿ ಎಂಗ್ ಯೋಳದು?"

ಮೂರು ಪ್ರಶ್ನೆಗೂ ಸೊನ್ನೆ. ಗೂಡು ಅಲ್ಲಾಡಿಸಿದೆ, ಸದ್ದಿಲ್ಲ. "ಸೀಟಿನಲ್ಲಿಲ್ಲ" ಎಂದು ಇಟ್ಟೆ. ಮಾರನೇ ದಿನ ಮತ್ತೆ ಬಂತು, ಮತ್ತೆ ಇಟ್ಟೆ. ಮೂರನೇ ದಿನ ನಾನು "ಎಲ್ಲಿಂದ" ಎಂದು ಕೇಳುವ ಮೊದಲೇ ಅವರು "ಇಲ್ಲಿಂದ್ಲೇ" ಅಂದರು, ನಾನೂ ಅಷ್ಟೇ ಚುರುಕಾಗಿ ಇಟ್ಟೆ. ರಿಜಿಸ್ಟರಿನ ವಿಷಯದ ಕಾಲಂನಲ್ಲಿ ಮೂರು ದಿನವೂ 'ಹೇಳಲಿಲ್ಲ' ಎಂದು ಬರೆದೆ.

ನಾಲ್ಕನೇ ದಿನ, ಅಮಾವಾಸ್ಯೆಯ ಹಿಂದಿನ ದಿನ, ರಿಸೀವರ್ ಕೆಳಗಿಡಲು ಹೋದವಳು ತಡೆದೆ. ಅವರ ಮಾತಿನ ಹಿಂದೆ ದಬ್, ದಬ್ ಎಂಬ ಸದ್ದು. ಕಿಟಕಿಯಿಂದ ನನ್ನ ಬಲಗಿವಿಗೆ ಬೀಳುತ್ತಿದ್ದದ್ದೂ ಅದೇ ದಬ್, ದಬ್. ನಮ್ಮ ದೊಡ್ಡ ಪ್ರೆಸ್ಸು. ಎರಡು ಕಿವಿಯಲ್ಲೂ ಒಂದೇ ತಾಳ.

ಅವರು ಇಲ್ಲಿಂದಲೇ ಮಾತಾಡುತ್ತಿದ್ದರು.

ಕೆಳಗಿಳಿದು ಗೇಟಿಗೆ ಹೋದೆ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಮೊಮ್ಮಗನ ಮೊಬೈಲು. ಗೇಟಿನ ಮೇಲಿನ ಬೋರ್ಡಿನಲ್ಲಿದ್ದ ನಂಬರನ್ನು ಮೊಮ್ಮಗ ಒತ್ತಿ ಕೊಡುತ್ತಿದ್ದ. ಅಜ್ಜನ ಮಾತು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಕೆಐಎಡಿಬಿಯವರು ಈ ಸೀಮೆಯನ್ನು ಹಂತ ಹಂತವಾಗಿ ತೆಗೆದುಕೊಂಡು ಪ್ಲಾಟು ಮಾಡುವ ಮೊದಲು ನಮ್ಮ ಕಾಂಪೌಂಡಿನ ಹಿಂಭಾಗ ಅವರ ಹೊಲವಾಗಿತ್ತು. ಅಲ್ಲಿ ಹೊಂಗೆ ಮರದ ಬುಡದಲ್ಲಿ ಅವರ ಅವ್ವನ ಸಮಾಧಿ. ಇಷ್ಟು ವರ್ಷ ಹಿಂದಿನ ಬೇಲಿ ನುಸುಳಿ ಬಂದು ಎಡೆ ಇಟ್ಟು ಹೋಗುತ್ತಿದ್ದರು. ಆನೆ ಬಂದು ಹೋದ ಮೇಲೆ ನಾವು ಬೇಲಿ ಕಿತ್ತು ಗೋಡೆ ಕಟ್ಟಿಸಿದ್ದೆವು.

"ಅವ್ವಂಗೆ ಎಡೆ ಮಡಗ್ಬೇಕು ಅಂತ ಫೋನಲ್ಲಿ ಎಂಗವ್ವ ಕೇಳದು?" ಅಂದರು.

ಸಾಹೇಬರಿಗೆ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತ, "ಇದನ್ನ ಕೇಳಕ್ಕೆ ನಾಲ್ಕು ದಿನ ಬೇಕಾಯ್ತಾ ಅವರಿಗೆ?" ಎಂದರು. ಕೇಳಲು ಅವರಿಗೆ ಒಂದು ದಿನ ಸಾಕಾಗಿತ್ತು, ಉಳಿದ ಮೂರು ದಿನ ನನ್ನವು ಎಂದು ನಾನು ಬಾಯಿ ಬಿಡಲಿಲ್ಲ. ಮಾರನೇ ದಿನ ಅಜ್ಜನ ಮನೆಯವರು ಮುಂದಿನ ಗೇಟಿನಿಂದಲೇ ಬಂದು ಬಾಳೆಲೆ ಹಾಸಿ, ಮುದ್ದೆ, ಅನ್ನ, ಸಾರು, ಕಜ್ಜಾಯ ಇಟ್ಟು ಕೈಮುಗಿದರು. ನನಗೂ ಎರಡು ಕಜ್ಜಾಯ ಕೊಟ್ಟರು.

ಆಮೇಲೆ ನಾನು ನನ್ನ ವಿದ್ಯೆಯನ್ನು ಸ್ವಲ್ಪ ತಿದ್ದಿಕೊಂಡೆ. ಮೋಸಗಾರ ಮೂರು ಪ್ರಶ್ನೆಗೂ ಉತ್ತರ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾನೆ. ತಡವರಿಸುವುದು ಹೆಚ್ಚಾಗಿ ನಿಜವಾದ ಕಷ್ಟ ಇರುವವನು. ಮಗಳ ಮದುವೆಗೆ ಮುಂಗಡ ಕೇಳಲು ಬಂದ ಕೆಲಸಗಾರನ ಅಪ್ಪ, ಗಂಡನ ಕುಡಿತದ ಬಗ್ಗೆ ದೂರು ಹೇಳಬೇಕೆಂದಿರುವ ಹೆಂಡತಿ, ಇವರ್ಯಾರಿಗೂ ವಿಷಯ ಒಂದು ಕಾಲಂನಲ್ಲಿ ಹಿಡಿಸುವಷ್ಟು ಚಿಕ್ಕದಾಗಿರುವುದಿಲ್ಲ. ಅಸ್ಪಷ್ಟವಾಗಿ ಮಾತಾಡಿದವರ ಫೋನನ್ನು ಈಗ ನಾನು ಕೂಡಲೇ ಇಡುವುದಿಲ್ಲ. ಮೂರು ಪ್ರಶ್ನೆ ಸೋತ ಮೇಲೆ ನಾಲ್ಕನೆಯದೊಂದು ಇಟ್ಟುಕೊಂಡಿದ್ದೇನೆ: "ಊಟ ಆಯ್ತಾ?" ಸಾಲ ಕೊಡುವವರು ಈ ಪ್ರಶ್ನೆಗೆ ತಬ್ಬಿಬ್ಬಾಗುತ್ತಾರೆ. ಕಷ್ಟದಲ್ಲಿರುವವರು ಉತ್ತರ ಹೇಳುತ್ತಾರೆ, ಹೇಳುತ್ತ ಹೇಳುತ್ತ ವಿಷಯವೂ ಬರುತ್ತದೆ.

ಅಜ್ಜ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಫೋನು ಮಾಡುತ್ತಾರೆ. ಹೋದ ಸಲ "ಸಾಹೇಬ್ರಿಗೆ ಕೊಡ್ಲಾ?" ಎಂದು ಕೇಳಿದೆ.

"ಬ್ಯಾಡ ಬುಡವ್ವ. ನಿಂಗ್ ಯೋಳುದ್ರೆ ಸಾಕು."

ರಿಜಿಸ್ಟರು ತೆಗೆದೆ. ಎಲ್ಲಿಂದ ಎಂಬ ಕಾಲಂನಲ್ಲಿ 'ಇಲ್ಲಿಂದಲೇ' ಎಂದು ಬರೆದೆ. ವಿಷಯ: 'ಅವ್ವನ ಎಡೆ'.