ಬಂಬಕ್ಕೂ ಉಸಿರು ಬೇಕು

ಗದಗಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಆ ಅಕ್ಕೋರು, ಗಂಡ ತೀರಿಕೊಂಡ ಮರುವರ್ಷ ಪುಣೆಯಲ್ಲಿರುವ ಮಗನ ಮನೆಗೆ ಬಂದರು. ಜೊತೆಗೆ ತಂದದ್ದು ಎರಡು ಟ್ರಂಕು, ಒಂದು ಹೊಲಿಗೆ ಮಷಿನ್ನು, ಒಂದು ಚೀಲ ಜೋಳ. ತರಲಾಗದೆ ತಂಗಿಯ ಮನೆಗೆ ಕೊಟ್ಟು ಬಂದದ್ದು ತಾಮ್ರದ ಬಂಬ.

ಉತ್ತರ ಕರ್ನಾಟಕದವರಿಗೆ, ಮಹಾರಾಷ್ಟ್ರದವರಿಗೆ ಬಂಬ ಎಂದರೆ ವಿವರಿಸಬೇಕಿಲ್ಲ. ಹಳೆ ಮೈಸೂರಿನ ಕಡೆಯವರು ಹಂಡೆ, ನೀರೊಲೆ ಎಂದು ನೆನಪಿಸಿಕೊಂಡರೆ ಹತ್ತಿರ ಬಂದಂತೆ. ಆದರೆ ಬಂಬದ ಕಟ್ಟಡ ಬೇರೆ. ನಡುವೆ ಒಂದು ಕೊಳವೆ, ಅದರ ತಳದಲ್ಲಿ ಕೆಂಡ, ಸುತ್ತಲೂ ನೀರು, ಪಕ್ಕದಲ್ಲಿ ನಲ್ಲಿ. ಪೋರ್ಚುಗೀಸರ 'ಬೊಂಬಾ', ಅಂದರೆ ಪಂಪು, ಮರಾಠಿಯ ಬಾಯಿಗೆ ಬಿದ್ದು ಬಂಬ ಆಯಿತೆಂದು ಹೇಳುತ್ತಾರೆ. ಮರಾಠಿಯಲ್ಲಿ ಬೆಂಕಿ ಆರಿಸುವ ಗಾಡಿಗೂ ಅದೇ ಹೆಸರು. ಬೆಂಕಿ ಹಚ್ಚುವುದೂ ಬಂಬ, ಆರಿಸುವುದೂ ಬಂಬ ಎಂದು ಅಕ್ಕೋರು ಮೊಮ್ಮಗಳಿಗೆ ಹೇಳಿ ನಗಿಸುತ್ತಿದ್ದರು.

ಪುಣೆಯ ಆ ಬಾಡಿಗೆ ಮನೆಯ ಬಚ್ಚಲಿನಲ್ಲಿ, ನಲ್ಲಿಯ ಮೇಲೆ, ಗೋಡೆಗೆ ಒಂದು ಗ್ಯಾಸ್ ಗೀಸರ್ ತೂಗುಹಾಕಿತ್ತು. ಹಿಂದಿನ ಬಾಡಿಗೆದಾರರು ಬಿಟ್ಟು ಹೋದದ್ದು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಸಣ್ಣ ಪೆಟ್ಟಿಗೆ. ನಲ್ಲಿ ತಿರುಗಿಸಿದರೆ ಒಳಗೆ ಟಿಕ್ ಟಿಕ್ ಎಂದು ಕಿಡಿ ಹಾರಿ ಉರಿ ಹತ್ತಿಕೊಳ್ಳುತ್ತಿತ್ತು. ಕಟ್ಟಿಗೆ ಇಲ್ಲ, ಊದುಗೊಳವೆ ಇಲ್ಲ, ಕಾಯುವುದಿಲ್ಲ. ಆರು ತಿಂಗಳಿಗೊಮ್ಮೆ ಎರಡು ಬ್ಯಾಟರಿ ಬದಲಿಸಿದರೆ ಮುಗಿಯಿತು. ಅದನ್ನು ಯಾರಿಗಾದರೂ ತೋರಿಸಿದ್ದೀಯಾ ಎಂದು ಬಂದ ಹೊಸತರಲ್ಲಿ ಅಕ್ಕೋರು ಕೇಳಿದ್ದರು. "ಬಿಸಿನೀರು ಬರ್ತಾವಲ್ಲ, ಮತ್ತೇನ ತೋರಸೂದು?" ಎಂದಿದ್ದ ಮಗ. ನಾಲ್ಕು ವರ್ಷ ಆ ಪೆಟ್ಟಿಗೆಯ ಮುಚ್ಚಳ ಯಾರೂ ತೆಗೆದಿರಲಿಲ್ಲ.

ಡಿಸೆಂಬರಿನಲ್ಲಿ ಪುಣೆಯ ಬೆಳಗು ಚಳಿ ಹಿಡಿಯಿತು. ಬಚ್ಚಲಿನ ವೆಂಟಿಲೇಟರ್‌ನ ಗಾಜಿನ ಪಟ್ಟಿಗಳ ಸಂದಿಯಿಂದ ತಣ್ಣನೆ ಗಾಳಿ ಸೀದಾ ಮೀಯುವವರ ಬೆನ್ನಿಗೆ ಬರುತ್ತಿತ್ತು. ಹನ್ನೊಂದು ವರ್ಷದ ಮೊಮ್ಮಗಳಿಗೆ ಆಗಲೇ ನೆಗಡಿ. ಒಂದು ದಿನ ಎಲ್ಲರೂ ಹೊರಗೆ ಹೋದಾಗ ಅಕ್ಕೋರು ಸ್ಟೂಲ್ ಹತ್ತಿ, ಹಳೆಯ ಟವೆಲ್ಲೊಂದನ್ನು ಮಡಚಿ ಸಂದಿಗೆ ತುರುಕಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದರು. ಸಂಜೆ ಯಾರೂ ಗಮನಿಸಲಿಲ್ಲ. ಬಚ್ಚಲು ಬೆಚ್ಚಗಾಗಿದೆ ಎಂದಷ್ಟೇ ಎಲ್ಲರಿಗೂ ಅನಿಸಿತು.

ಗೀಸರಿನ ಮುಂಭಾಗದ ಪುಟ್ಟ ಕಿಂಡಿಯಲ್ಲಿ ಉರಿ ಕಾಣುತ್ತಿತ್ತು. ಮೊದಲು ನೀಲಿಯಾಗಿದ್ದದ್ದು ಈಗೀಗ ಹಳದಿಯಾಗಿ, ತುದಿಯಲ್ಲಿ ಕುಣಿಯುತ್ತಿತ್ತು. ಅಕ್ಕೋರಿಗೆ ಅದು ಒಳ್ಳೆಯ ಲಕ್ಷಣವಾಗಿಯೇ ಕಂಡಿತು. ಅವರು ಬಲ್ಲ ಬೆಂಕಿಯೆಲ್ಲ ಹಳದಿಯೇ. ಕಟ್ಟಿಗೆ ಚೆನ್ನಾಗಿ ಹತ್ತಿಕೊಂಡಿದೆ ಎನ್ನುವುದಕ್ಕೆ ಅದೇ ಗುರುತು. ಗ್ಯಾಸಿನ ಉರಿಯ ಭಾಷೆ ಬೇರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಲ್ಲಿ ನೀಲಿ ಎಂದರೆ ಪೂರ್ತಿ ಉರಿಯುತ್ತಿದೆ ಎಂದು. ಹಳದಿ ಎಂದರೆ ಗಾಳಿ ಸಾಲದು, ಅರ್ಧಂಬರ್ಧ ಉರಿಯುತ್ತಿದೆ ಎಂದು.

ಆ ವಾರವಿಡೀ ಸೊಸೆಗೆ ಸ್ನಾನವಾದ ಮೇಲೆ ತಲೆನೋವು. ಒದ್ದೆ ಕೂದಲಿನ ಶೀತ ಇರಬೇಕೆಂದುಕೊಂಡರು. ಆಫೀಸು ತಲುಪುವ ಹೊತ್ತಿಗೆ ಇಳಿದುಹೋಗುತ್ತಿತ್ತು.

ಭಾನುವಾರ ಎಲ್ಲರಿಗೂ ಎಣ್ಣೆ ಸ್ನಾನ. ಮಗ, ಅಕ್ಕೋರು, ಸೊಸೆ ಒಬ್ಬರ ಹಿಂದೊಬ್ಬರು ಮಿಂದು ಬಂದರು. ಕೊನೆಗೆ ಹುಡುಗಿ ಹೋದಳು. ಬಂಬವಿದ್ದ ಮನೆಯಲ್ಲಿ ಬೆಳೆದವರಿಗೆ ಒಂದು ಅಭ್ಯಾಸ ಇರುತ್ತದೆ. ಒಳಗೆ ಮೀಯುವವರಿಗೆ ಹೊರಗಿನಿಂದ, ನೀರು ಸಾಕೇ, ಇನ್ನೊಂದು ಕೊಡ ಹಾಕಬೇಕೇ ಎಂದು ಕೇಳುತ್ತಲೇ ಇರುವುದು. ನಲ್ಲಿಯಲ್ಲಿ ಮುಗಿಯದಷ್ಟು ನೀರು ಬರುವ ಮನೆಯಲ್ಲೂ ಅಕ್ಕೋರು ಅದನ್ನು ಬಿಟ್ಟಿರಲಿಲ್ಲ. ಮೊಮ್ಮಗಳಿಗೆ ಅದು ತಮಾಷೆ.

"ನೀರು ಸಾಕೇನವ್ವಾ?" ಎಂದರು ಅಕ್ಕೋರು.

ಉತ್ತರ ಬರಲಿಲ್ಲ. ನೀರು ಬೀಳುವ ಸದ್ದು ಮಾತ್ರ ಇತ್ತು. ಎರಡನೆಯ ಸಲ ಕೇಳಿದರು. ಮೂರನೆಯ ಸಲಕ್ಕೆ ಮಗ ಬಾಗಿಲಿಗೆ ಭುಜ ಕೊಟ್ಟಿದ್ದ.

ಹುಡುಗಿ ಬಕೆಟ್ಟಿನ ಪಕ್ಕ ಒರಗಿಕೊಂಡಿದ್ದಳು. ಎತ್ತಿಕೊಂಡು ಬಾಲ್ಕನಿಗೆ ತಂದಾಗ ಒಮ್ಮೆ ಕಣ್ಣು ತೆರೆದು, ವಾಂತಿ ಮಾಡಿ, ಮತ್ತೆ ಮುಚ್ಚಿದಳು. ಮಗ ಕೋವಿಡ್ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರನ್ನು ಅವಳ ಬೆರಳಿಗೆ ಸಿಕ್ಕಿಸಿದ. 98 ತೋರಿಸಿತು. ಆಮ್ಲಜನಕ ಸರಿಯಿದೆ, ಬರೀ ತಲೆಸುತ್ತು, ಸಕ್ಕರೆ ನೀರು ಕುಡಿಸೋಣ ಎಂದ. ಬೇಡ, ಆಸ್ಪತ್ರೆಗೆ ನಡಿ ಎಂದು ಹಟ ಹಿಡಿದದ್ದು ಅಕ್ಕೋರು.

ಅಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ ಎಂದು.

ಅರ್ಧಂಬರ್ಧ ಉರಿದ ಗ್ಯಾಸಿನಿಂದ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸಿಗೆ ಸೋರಿದರೆ ತಿಳಿಯಲೆಂದು ನಾರುವ ವಸ್ತು ಬೆರೆಸಿರುತ್ತಾರೆ, ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಅಂಥ ಗುರುತೇ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಬೆರಳಿನ ಆಕ್ಸಿಮೀಟರ್ ರಕ್ತದ ಬಣ್ಣವನ್ನು ಅಳೆಯುವ ಸಾಧನ. ಮಾನಾಕ್ಸೈಡ್ ಹಿಡಿದ ರಕ್ತವೂ ಅದಕ್ಕೆ ಆಮ್ಲಜನಕ ಹೊತ್ತ ರಕ್ತದಂತೆಯೇ ಕಾಣುತ್ತದೆ. ಹಾಗಾಗಿ 98 ಎಂದು ಸುಳ್ಳು ಹೇಳುತ್ತದೆ. ರಕ್ತ ಪರೀಕ್ಷೆಯಿಂದಲೇ ನಿಜ ತಿಳಿಯಬೇಕು. ಬರೀ ಗಾಳಿಯಲ್ಲಿ ಕೂತರೆ ರಕ್ತದಲ್ಲಿರುವ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಸಂಜೆಯ ಹೊತ್ತಿಗೆ ಹುಡುಗಿ ಮಾಸ್ಕಿನೊಳಗಿನಿಂದಲೇ ಬಿಸ್ಕತ್ತು ಕೇಳಿದಳು. ಮರುದಿನ ಮನೆಗೆ ಬಂದಳು.

ಆ ರಾತ್ರಿ ಅಕ್ಕೋರು ಮಗನನ್ನು ಬಚ್ಚಲಿಗೆ ಕರೆದರು. ಸ್ಟೂಲ್ ಹತ್ತಿ ಪ್ಲಾಸ್ಟಿಕ್ ಕಿತ್ತು, ಟವೆಲ್ ಎಳೆದು ಅವನ ಕೈಗೆ ಕೊಟ್ಟರು. "ಇದನ್ನ ಇಟ್ಟಾಕಿ ನಾನು" ಎಂದರು. ಮಗ ಟವೆಲ್ಲನ್ನೂ ಗೀಸರನ್ನೂ ನೋಡಿದ. "ನಾಕ ವರ್ಷ ಇದನ್ನ ತೆಗದು ನೋಡದಾಂವ ನಾನು" ಎಂದ. ಮುಂದೆ ಆ ಮನೆಯಲ್ಲಿ ಯಾರೂ ಈ ವಿಷಯದಲ್ಲಿ ಯಾರನ್ನೂ ದೂರಲಿಲ್ಲ. ಆದರೆ ಅಕ್ಕೋರು ಎಷ್ಟೋ ರಾತ್ರಿ ಎದ್ದು ಹೋಗಿ ಮೊಮ್ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದರು.

ಲೆಕ್ಕದ ಟೀಚರಿಗೆ ಲೆಕ್ಕ ಹಾಕದೆ ಸಮಾಧಾನವಾಗದು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದರು. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಬೇಕಾದ ಶಾಖ ಸುಮಾರು 10 ಕಿಲೋವ್ಯಾಟ್. ಅಡುಗೆ ಒಲೆಯ ದೊಡ್ಡ ಬರ್ನರುಗಳನ್ನು ಮೂರು ನಾಲ್ಕು ಒಟ್ಟಿಗೆ ಹಚ್ಚಿಟ್ಟಂತೆ. ಆ ಲೆಕ್ಕದಲ್ಲಿ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸ್. ಒಂದು ಕಿಲೋ ಗ್ಯಾಸ್ ಪೂರ್ತಿ ಉರಿಯಲು 12 ಘನ ಮೀಟರಿನಷ್ಟು ಗಾಳಿ ಬೇಕು. ಅವರ ಬಚ್ಚಲು ಇಡಿಯಾಗಿ 8 ಘನ ಮೀಟರ್. ಅಂದರೆ ಹತ್ತು ನಿಮಿಷದ ಒಂದು ಸ್ನಾನಕ್ಕೆ ಕೋಣೆಯ ಕಾಲು ಭಾಗದ ಗಾಳಿ. ನಾಲ್ಕು ಜನ ಒಬ್ಬರ ಹಿಂದೊಬ್ಬರು ಮಿಂದರೆ? ಮುಂದಿನ ಸಾಲು ಬರೆಯದೆ ಪೆನ್ನು ಕೆಳಗಿಟ್ಟರು. ಇಷ್ಟು ಗಾಳಿ ತಿನ್ನುವ ಒಲೆಯನ್ನು ಕದ ಮುಚ್ಚಿದ ಕೋಣೆಯಲ್ಲಿ ಗದಗಿನಲ್ಲಿ ಯಾರೂ ಇಡುತ್ತಿರಲಿಲ್ಲ. ಬಂಬ ಹಿತ್ತಿಲಲ್ಲಿ ಇರುತ್ತಿತ್ತು. ಅದರ ಹೊಗೆಯೂ ವಿಷವೇ, ಆದರೆ ಕಣ್ಣು ಉರಿಸಿ, ಕೆಮ್ಮಿಸಿ, ಹೊರಗೆ ಓಡಿಸುತ್ತಿತ್ತು.

ಮೂರನೆಯ ದಿನ ಮೆಕ್ಯಾನಿಕ್ ಬಂದ. ಮೊದಲು ಗೀಸರನ್ನು ಬಚ್ಚಲಿನಿಂದ ಕಿತ್ತು ಅಡುಗೆಮನೆಯ ಆಚೆಗಿನ ಡ್ರೈ ಬಾಲ್ಕನಿಗೆ ಸಾಗಿಸಬೇಕು, ಬಿಸಿನೀರು ಪೈಪಿನಲ್ಲಿ ಒಳಗೆ ಬರಲಿ, ಬೆಂಕಿ ಹೊರಗೇ ಇರಲಿ ಎಂದ. ಆಮೇಲೆ ಮುಚ್ಚಳ ಬಿಚ್ಚಿದ. ಬರ್ನರಿನ ತೂತುಗಳಲ್ಲಿ ಧೂಳು, ಜೇಡರ ಬಲೆ. ಬೇಸಿಗೆಯಲ್ಲಿ ಬಳಸದೆ ಬಿಟ್ಟಾಗ ಅವು ಮನೆ ಮಾಡಿಕೊಳ್ಳುತ್ತವಂತೆ. ಮೇಲಿನ ತಾಮ್ರದ ರೆಕ್ಕೆಗಳ ನಡುವೆ ಕಪ್ಪು ಮಸಿ. ಬಿಸಿ ಹೊಗೆ ಹಾದುಹೋಗಬೇಕಾದ ದಾರಿಯೇ ಅರ್ಧ ಕಟ್ಟಿತ್ತು. ದಾರಿ ಕಟ್ಟಿದಷ್ಟೂ ಉರಿಗೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದಷ್ಟೂ ಮಸಿ ಹೆಚ್ಚು. ಬಚ್ಚಲನ್ನು ಅಕ್ಕೋರು ಮುಚ್ಚುವ ಮೊದಲೇ ಆ ಪೆಟ್ಟಿಗೆ ಒಳಗಿನಿಂದ ತನ್ನನ್ನು ತಾನು ಮುಚ್ಚಿಕೊಳ್ಳತೊಡಗಿತ್ತು. ಬ್ರಷ್ಷಿನಿಂದ ತಿಕ್ಕಿದ, ಜೆಟ್ಟುಗಳನ್ನು ಊದಿದ, ನೀರು ಬರುವ ಕಡೆಯ ಜಾಲರಿ ತೊಳೆದ, ಗಟ್ಟಿಯಾಗಿದ್ದ ಗ್ಯಾಸ್ ಪೈಪ್ ಬದಲಿಸಿ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿದ. ಆ ಪೈಪನ್ನು ಐದು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು ಎಂದ. ಉರಿ ಹಚ್ಚಿದಾಗ ನೀಲಿಯಾಗಿತ್ತು. "ವರ್ಷಕ್ಕೊಮ್ಮೆ ಕರೀರಿ. ಉರಿ ಹಳದಿ ಆದರೆ, ಮಸಿ ಕಂಡರೆ, ಸ್ನಾನ ಮಾಡಿದವರಿಗೆ ತಲೆನೋವು ಬಂದರೆ ವರ್ಷ ಕಾಯಬೇಡಿ" ಎಂದು ಮರಾಠಿಯಲ್ಲಿ ಹೇಳಿ ಹೋದ.

ಅಂದು ಸಂಜೆ ಅಕ್ಕೋರು ಹೈದರಾಬಾದಿನಲ್ಲಿರುವ ಮಗಳಿಗೆ ಫೋನು ಮಾಡಿ, ನಿಮ್ಮ ಗೀಸರ್ ಯಾವಾಗ ತೆರೆದು ನೋಡಿದಿರಿ ಎಂದು ಕೇಳಿದರು. ನಮ್ಮದು ಕರೆಂಟಿನದು, ಗ್ಯಾಸಿನ ಭಯವಿಲ್ಲ ಎಂದಳು ಮಗಳು. ಅದು ನಿಜ. ಆದರೆ ಅವಳ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ತಾಯಿಯ ಕಾಟ ತಡೆಯಲಾರದೆ ತೆರೆಸಿದಾಗ ಟ್ಯಾಂಕಿನ ತಳದಿಂದ ಬೊಗಸೆ ತುಂಬ ಬಿಳಿ ಸುಣ್ಣದ ಚೂರು ಬಿತ್ತು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣ ಹೊರಬಿದ್ದು ಕಾಯಿಲಿಗೆ ಅಂಟುತ್ತದೆ. ಒಳಗಿನ ಬಿಸಿ ಹೊರಗೆ ದಾಟಲಾರದೆ ಕಾಯಿಲು ತಾನೇ ಸುಟ್ಟುಹೋಗುತ್ತದೆ. ಟ್ಯಾಂಕಿನೊಳಗೆ ಮೆಗ್ನೀಷಿಯಂನ ಒಂದು ಸರಳೂ ಇರುತ್ತದೆ. ಉಕ್ಕಿನ ಬದಲು ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುವುದೇ ಅದರ ಕೆಲಸ. ಬೆರಳು ದಪ್ಪದ ಆ ಸರಳು ಅಲ್ಲಿ ತಂತಿಯಷ್ಟೇ ಉಳಿದಿತ್ತು. ಅದು ಮುಗಿದ ಮೇಲೆ ಸವೆಯುವ ಸರದಿ ಟ್ಯಾಂಕಿನದು. ಒತ್ತಡ ಹೆಚ್ಚಾದರೆ ನೀರು ಹೊರಬಿಡಬೇಕಾದ ಸೇಫ್ಟಿ ವಾಲ್ವ್ ಕೂಡ ಸುಣ್ಣ ಕಟ್ಟಿ ಬಿಗಿದಿತ್ತು. ಅದೇ ದೊಡ್ಡ ಅಪಾಯ, ಏಕೆಂದರೆ ಥರ್ಮೋಸ್ಟಾಟ್ ಕೈಕೊಟ್ಟ ದಿನ ಟ್ಯಾಂಕ್ ಸಿಡಿಯದಂತೆ ಉಳಿಸುವುದು ಆ ವಾಲ್ವೇ. ಅರ್ಥಿಂಗ್ ಸರಿಯಿದೆಯೇ, ಸೋರುವ ಕರೆಂಟನ್ನು ತಡೆಯುವ ಸ್ವಿಚ್ ಪರೀಕ್ಷೆಯ ಗುಂಡಿ ಒತ್ತಿದಾಗ ಬೀಳುತ್ತದೆಯೇ ಎಂಬುದನ್ನೂ ಅಂದೇ ನೋಡಿಸಿದರು.

ಇದಕ್ಕೆಲ್ಲ ಕನ್ನಡದಲ್ಲಿ ಏನನ್ನಬೇಕು? ದುರಸ್ತಿ, ರಿಪೇರಿ ಎಂಬವು ಕೆಟ್ಟ ಮೇಲಿನ ಮಾತುಗಳು. ಕೆಡದೆ ನಡೆಯುತ್ತಿರುವುದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದಕ್ಕೆ ಮಗನ ಬಾಯಲ್ಲಿ ಇರುವುದು ಸರ್ವಿಸಿಂಗ್ ಎಂಬ ಪದ ಒಂದೇ. ಅಕ್ಕೋರಿಗೆ ಮಾತ್ರ ಅದಕ್ಕೊಂದು ದಿನವೇ ನೆನಪಿದೆ. ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬ. ಅಂದು ಬಂಬವನ್ನು, ಹಂಡೆಯನ್ನು ಖಾಲಿ ಮಾಡಿ, ವರ್ಷದ ಬೂದಿ ಮಸಿ ತೆಗೆದು, ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸ ನೀರು ತುಂಬುತ್ತಿದ್ದರು. ಮಲೆನಾಡಿನಲ್ಲಿ ಹಂಡೆಯ ಕೊರಳಿಗೆ ಹಿಂಡ್ಲೆಕಾಯಿಯ ಬಳ್ಳಿ ಸುತ್ತುತ್ತಾರೆ. ಹುಣಸೆಯ ಹುಳಿ ತಾಮ್ರದ ಕಿಲುಬನ್ನೂ ಸುಣ್ಣದ ಕಟ್ಟನ್ನೂ ಕರಗಿಸುತ್ತದೆ. ಹೈದರಾಬಾದಿನ ಮೆಕ್ಯಾನಿಕ್ ಕಾಯಿಲನ್ನು ಅದ್ದಿಟ್ಟ ದ್ರಾವಣವೂ ಒಂದು ಹುಳಿಯೇ. ಮಳೆ ಮುಗಿದಿದೆ, ಚಳಿ ಇನ್ನೂ ಬಂದಿಲ್ಲ, ಬಿಸಿನೀರಿನ ತಿಂಗಳುಗಳು ಮುಂದಿವೆ. ಈಗಲೂ ಅದೇ ಸರಿಯಾದ ಹೊತ್ತು, ಡಿಸೆಂಬರಿನಲ್ಲಿ ಮೆಕ್ಯಾನಿಕ್ ಕೈಗೆ ಸಿಗುವುದಿಲ್ಲ. ಆಯುಧಪೂಜೆಗೆ ಸ್ಕೂಟರನ್ನು ತೊಳೆದು ಹೂವು ಏರಿಸುವ ಮನೆಗಳಲ್ಲೂ ಗೀಸರಿನ ಪಾಲಿಗೆ ಆ ಸಂಜೆ ತಪ್ಪಿಹೋಗಿದೆ.

ಮುಂದಿನ ದೀಪಾವಳಿಗೆ ಒಂದು ವಾರ ಮೊದಲೇ ಅಕ್ಕೋರು ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಮುಚ್ಚಳ ಬಿಚ್ಚಿದಾಗ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು, ಮೊಮ್ಮಗಳನ್ನೂ ಕೂಡಿಸಿಕೊಂಡರು. ಉರಿ ಯಾವ ಬಣ್ಣ ಎಂದು ಅವಳನ್ನೇ ಕೇಳಿದರು. ನೀಲಿ ಎಂದಳು. ಉರಿಯ ಹತ್ತಿರ ಹೂವು ಬೇಡವೆಂದು ಬಚ್ಚಲಿನ ಬಕೆಟ್ಟಿಗೇ ಚೆಂಡುಹೂವಿನ ಮಾಲೆ ಕಟ್ಟಿದರು. ವೆಂಟಿಲೇಟರ್ ತೆರೆದೇ ಇತ್ತು, ಅಲ್ಲಿಂದ ತಣ್ಣನೆ ಗಾಳಿ ಬರುತ್ತಿತ್ತು.

ಹಬ್ಬದ ಬೆಳಗ್ಗೆ ಹುಡುಗಿ ಸ್ನಾನಕ್ಕೆ ಹೋದಳು. ಎರಡು ನಿಮಿಷಕ್ಕೊಮ್ಮೆ ಬಾಗಿಲಾಚೆಯಿಂದ ಅದೇ ಪ್ರಶ್ನೆ. ನಾಲ್ಕನೆಯ ಸಲಕ್ಕೆ ಒಳಗಿನಿಂದ ಸಿಡುಕು ಬಂತು. "ಎಷ್ಟ ಸಲ ಕೇಳ್ತಿ ಅಜ್ಜಿ!"

ಅಕ್ಕೋರು ಅಲ್ಲೇ ಗೋಡೆಗೊರಗಿ ಕೂತು, ಐದನೆಯ ಸಲ ಕೇಳಿದರು.