ದಿನಕ್ಕೆ ಹಲವು ಮನೆ

ಏಪ್ರಿಲ್ ಮುಗಿಯುವುದರೊಳಗೆ ವಿಜಯನಗರದ ಬಾಡಿಗೆ ಮನೆ ಖಾಲಿ ಮಾಡಬೇಕಿತ್ತು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಈಗ ಕೆಂಗೇರಿ. ಮದುವೆಯಾದ ಮೇಲೆ ಅಮ್ಮನಿಗೆ ಇದು ನಾಲ್ಕನೆಯ ಮನೆ. ಮೇ ತಿಂಗಳಲ್ಲಿ ಮಗಳಿಗೆ ನೀಟ್ ಪರೀಕ್ಷೆ. ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವ ಸದ್ದಿನ ನಡುವೆ ಅವಳು ಪ್ರಾಣಿಗಳ ವರ್ಗೀಕರಣದ ಪಾಠ ತಿರುವುತ್ತಿದ್ದಳು.

ಯೂರೋಕಾರ್ಡೇಟಾ ಗುಂಪಿನಲ್ಲಿ ನೋಟೋಕಾರ್ಡ್ ಇರುವುದು ಮರಿಯ ಬಾಲದಲ್ಲಿ ಮಾತ್ರ ಎಂಬ ಅರ್ಥದ ಸಾಲೊಂದು ಅಲ್ಲಿತ್ತು. ಮಹಡಿಯ ಮನೆಯ ನಿವೃತ್ತ ಮೇಷ್ಟ್ರು ಅದನ್ನು ಕೇಳಿ ನಕ್ಕರು.

"ಪರೀಕ್ಷೆಯಲ್ಲಿ ಹಾಗೇ ಬರಿ ಮಗೂ. ಆದರೆ ಓಯಿಕೋಪ್ಲೂರ ಅಂತ ಒಂದಿದೆ. ಅದು ಈ ಮಾತು ಕೇಳೋದಿಲ್ಲ."

ಅದರ ನಂಟ ಆಸಿಡಿಯ ಮರಿಯಾಗಿದ್ದಾಗ ಗೊದಮೊಟ್ಟೆಯಂತೆ ಈಜುತ್ತದೆ. ಬಂಡೆಗೆ ಅಂಟಿ ನೆಲೆಯೂರಿದ ಮೇಲೆ ಬಾಲ, ನೋಟೋಕಾರ್ಡ್ ಎರಡೂ ಕರಗಿಹೋಗುತ್ತವೆ. ಓಯಿಕೋಪ್ಲೂರ ಎಲ್ಲಿಯೂ ಅಂಟುವುದಿಲ್ಲ. ಮುಂಡ ಸುಮಾರು 1 ಮಿಲಿಮೀಟರ್. ಬಾಲ ಅದರ ನಾಲ್ಕರಷ್ಟು ಉದ್ದ, ಚಪ್ಪಟೆ. ಬಾಲದ ನಡುವೆ ಸಾಯುವ ತನಕ ನೋಟೋಕಾರ್ಡ್, ಜೊತೆಗೊಂದು ನರದ ಎಳೆ. ಮುಂಡದಲ್ಲಿ ಬಾಯಿ, ಗಂಟಲು, ಎರಡು ಕಿವಿರು ರಂಧ್ರ, ಬಾಗಿದ ಕರುಳು, ಪುಟ್ಟ ಹೃದಯ.

ಗ್ರೀಕ್ ಭಾಷೆಯಲ್ಲಿ 'ಓಯಿಕೋಸ್' ಎಂದರೆ ಮನೆ. ಹೆಸರಿಗೆ ತಕ್ಕಂತೆ ಇದು ತನ್ನ ಮೈಯಿಂದ ಒಸರುವ ಲೋಳೆ ಮತ್ತು ಸೆಲ್ಯುಲೋಸಿನಿಂದ ಮನೆ ಕಟ್ಟಿ, ಬಲೂನಿನಂತೆ ಉಬ್ಬಿಸಿ, ಒಳಗೆ ಕೂರುತ್ತದೆ. ಬಾಲ ಬಡಿದರೆ ನೀರು ಒಳಗೆ ಹರಿಯುತ್ತದೆ. ಬಾಗಿಲಲ್ಲಿ ದೊಡ್ಡ ಕಣ್ಣಿನ ಜರಡಿ, ಒಳಗೆ ಬಲು ಸಣ್ಣ ಕಣ್ಣಿನ ಜರಡಿ. ಸೋಸಿ ಉಳಿದ ಸೂಕ್ಷ್ಮಜೀವಿಗಳೇ ಊಟ. ಜರಡಿ ಕಟ್ಟಿಕೊಂಡಿತೋ, ಮನೆ ಬಿಟ್ಟು ಹೊರಟಿತು! ಮುಂದಿನ ಮನೆ ಮಡಿಸಿಟ್ಟಂತೆ ಮೈಮೇಲೆ ಸಿದ್ಧವಾಗಿರುತ್ತದೆ. ದಿನಕ್ಕೆ ನಾಲ್ಕರಿಂದ ಹದಿನಾರು ಸಲ ಹೀಗೆ. ಬಿಟ್ಟ ಮನೆಗಳು ಇಂಗಾಲವನ್ನು ಹೊತ್ತು ಕಡಲಾಳಕ್ಕಿಳಿಯುತ್ತವೆ, ಅಲ್ಲಿನ ಜೀವಿಗಳಿಗೆ ಆಹಾರವಾಗುತ್ತವೆ.

ಈ ಕುಲದವರು ಎಲ್ಲ ಸಾಗರಗಳಲ್ಲೂ ಇದ್ದಾರೆ. ಹೆಚ್ಚಿನವರು ಬೆಳಕು ಬೀಳುವ ಮೇಲ್ನೀರಿನಲ್ಲಿ. ನಮ್ಮ ಅರಬ್ಬಿ ಸಮುದ್ರದಲ್ಲೂ ಉಂಟು. ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯ ಆಳದಲ್ಲಿರುವ ದೊಡ್ಡ ನಂಟ ಬ್ಯಾಥೋಕಾರ್ಡಿಯಸ್ ಒಂದು ಮೀಟರ್ ಅಗಲದ ಮನೆ ಕಟ್ಟಬಲ್ಲದು. ಬಲೆಗೆ ಸಿಕ್ಕಿದರೆ ಇಂಥ ಮನೆ ಹರಿದುಹೋಗುತ್ತದೆ. ಕೈಗೆ ಬರುವುದು ಬರಿಯ ಜೀವಿ.

"ಕಡಲು ನೋಡಬೇಕೆನಿಸಿದರೆ ಕಾರವಾರದ ಕೋಡಿಬಾಗಕ್ಕೆ ಹೋಗು, ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಅಲ್ಲಿದೆ. ವೈದ್ಯಕೀಯ ಒಂದೇ ದಾರಿ ಅಲ್ಲ" ಎಂದರು ಮೇಷ್ಟ್ರು.

ರಾತ್ರಿ ಊಟಕ್ಕೆ ಕುಳಿತಾಗ ಮಗಳು ಇದನ್ನೆಲ್ಲ ಹೇಳಿದಳು. ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಇದು ಪರೀಕ್ಷೆಗೆ ಬರುತ್ತೇನಮ್ಮ?"

"ಇಲ್ಲಪ್ಪ. ಆದರೆ ಬೆನ್ನೆಲುಬಿರುವ ನಮ್ಮಂಥವರಿಗೆ ಅತಿ ಹತ್ತಿರದ ನಂಟರು ಈ ಗುಂಪೇ ಅಂತ 2006ರಲ್ಲಿ ವಂಶವಾಹಿ ಹೋಲಿಸಿ ಕಂಡುಕೊಂಡರಂತೆ."

ಅಮ್ಮ ಸಾರು ಬಡಿಸುತ್ತ ಹೇಳಿದರು: "ಪುಣ್ಯವಂತ ಜೀವಿ. ಅಡ್ವಾನ್ಸ್ ಕೊಡಬೇಕಿಲ್ಲ, ಬಿಡುವಾಗ ಬಣ್ಣಕ್ಕೆ ಅಂತ ಯಾರೂ ಹಿಡಿದುಕೊಳ್ಳೋದಿಲ್ಲ."

ಅಪ್ಪನಿಗೂ ನಗು ಬಂತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು: "ಕಾರವಾರಕ್ಕೆ ಇಲ್ಲಿಂದ ರೈಲು ಇದೆ, ಅಲ್ಲವೇ?"

ಕೆಂಗೇರಿಯ ಮನೆಯಲ್ಲಿ ಮೊದಲು ಬಿಚ್ಚಿದ್ದು ಪುಸ್ತಕದ ಪೆಟ್ಟಿಗೆ. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಎರಡು ಪದ ಬರೆದಿತ್ತು: ಓಯಿಕೋಪ್ಲೂರ ಬಿಟ್ಟು.